ಸ್ಕೌಟ್ ದಳದ ವಾರದ ಸಭೆ ಮತ್ತು ಬ್ಯಾಡ್ಜ್: ಹೊಸ ಸ್ಕೌಟ್ ಮಾಸ್ಟರ್, ಗೈಡ್ ಕ್ಯಾಪ್ಟನ್‌ಗಳಿಗೆ ಮಾರ್ಗದರ್ಶಿ

ಏಳು ದಿನದ ಸ್ಕೌಟ್–ಗೈಡ್ ಬೇಸಿಕ್ ಕೋರ್ಸ್ ಮುಗಿಸಿ ಶಾಲೆಗೆ ಮರಳಿದ ಶಿಕ್ಷಕರು ಮತ್ತೆ ಮತ್ತೆ ಕೇಳುವುದು ಎರಡೇ ಪ್ರಶ್ನೆ. ಶನಿವಾರ ಒಂದೂವರೆ ಗಂಟೆ ಮಕ್ಕಳಿಂದ ಏನು ಮಾಡಿಸಬೇಕು? ಬ್ಯಾಡ್ಜ್ ಯಾರಿಗೆ, ಯಾವಾಗ ಕೊಡಬೇಕು? ಇವು ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಕೆಲಸ ಒಂದೇ. ಸಭೆಯಲ್ಲಿ ಕಲಿಕೆಗೂ ಪರೀಕ್ಷೆಗೂ ಸಮಯ ತೆಗೆದಿಡದ ದಳದಲ್ಲಿ ವರ್ಷದ ಕೊನೆಗೆ ಎಲ್ಲರಿಗೂ ಒಟ್ಟಿಗೆ ಬ್ಯಾಡ್ಜ್ ಹಂಚಿಬಿಡುತ್ತಾರೆ, ಇಲ್ಲವೇ ಯಾರಿಗೂ ಕೊಡುವುದೇ ಇಲ್ಲ. ಹಂಚಿದ ಬ್ಯಾಡ್ಜಿಗೆ ಬೆಲೆಯಿಲ್ಲ ಎಂಬುದು ಮಕ್ಕಳಿಗೆ ನಮಗಿಂತ ಮೊದಲೇ ಗೊತ್ತಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಸ್ಕೌಟ್–ಗೈಡ್ ವಿಭಾಗಕ್ಕೆ, ಅದರಲ್ಲೂ ಪ್ರೌಢಶಾಲೆಯ ದಳಗಳಿಗೆ ಅನ್ವಯಿಸುತ್ತದೆ. ಚಿಕ್ಕ ಮಕ್ಕಳ ವಿಭಾಗವಾದ ಕಬ್–ಬುಲ್‌ಬುಲ್ ಸಭೆಯ ರೀತಿಯೇ ಬೇರೆ.

ಮೊದಲು ನಾಲ್ಕು ಪದ

ಪ್ಯಾಟ್ರೋಲ್ ಎಂದರೆ ಆರರಿಂದ ಎಂಟು ಮಕ್ಕಳ ತಂಡ. ಅದರ ಮುಖ್ಯಸ್ಥ ಪ್ಯಾಟ್ರೋಲ್ ಲೀಡರ್, ಅವನ ಬಲಗೈ ಸೆಕೆಂಡ್. ನಾಲ್ಕು ಪ್ಯಾಟ್ರೋಲ್ ಸೇರಿದರೆ ಒಂದು ಸ್ಕೌಟ್ ದಳ, ಹುಡುಗಿಯರದಾದರೆ ಕಂಪನಿ. ಕೋರ್ಟ್ ಆಫ್ ಆನರ್ ಎಂಬುದು ಲೀಡರ್‌ಗಳ ಸಭೆ. ಕಾರ್ಯಕ್ರಮ, ಹಣ, ಶಿಸ್ತು, ಯಾರಿಗೆ ಬ್ಯಾಡ್ಜ್ ಎಂಬ ಮಾತೆಲ್ಲ ಅಲ್ಲಿಗೇ ಬರಬೇಕು. ಸೋಪಾನ ಎಂದರೆ ಮೆಟ್ಟಿಲು: ಪ್ರವೇಶದ ನಂತರ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪ್ರಶಸ್ತಿ. ಇವುಗಳ ಜೊತೆಗೆ ಅಡುಗೆ, ಪ್ರಥಮ ಚಿಕಿತ್ಸೆ, ದಾರಿ ಪರಿಚಯ ಮುಂತಾದ ಒಂದೊಂದು ವಿಷಯಕ್ಕೆ ದಕ್ಷತಾ ಬ್ಯಾಡ್ಜ್‌ಗಳಿವೆ.

ಏನೇನು ಇಟ್ಟುಕೊಳ್ಳಬೇಕು

ಒಂದು ಟ್ರಂಕು ಸಾಕು. 32 ಮಕ್ಕಳ ದಳಕ್ಕೆ ತಲಾ ಎರಡು ಮೀಟರಿನಂತೆ 64 ಮೀಟರ್ ಹತ್ತಿ ಹಗ್ಗ, ಸುಮಾರು 8 ಮಿಲಿಮೀಟರ್ ದಪ್ಪದ್ದು. ತೆಂಗಿನ ನಾರಿನ ಹಗ್ಗ ಕೈ ತರಚುತ್ತದೆ, ನೈಲಾನ್ ಜಾರುತ್ತದೆ. ಕಲಿಯುವ ಕೈಗೆ ಎರಡೂ ಬೇಡ. ತುಂಡು ಮಾಡಿದ ದಿನವೇ ತುದಿಗಳಿಗೆ ದಾರ ಸುತ್ತಿಸಿ, ಇಲ್ಲದಿದ್ದರೆ ಒಂದೇ ತಿಂಗಳಲ್ಲಿ ಎಳೆ ಬಿಚ್ಚಿ ಪೊರಕೆಯಾಗುತ್ತದೆ.

ತ್ರಿಕೋನ ಬ್ಯಾಂಡೇಜನ್ನು ಕೊಂಡು ತರಬೇಕಿಲ್ಲ. ಸುಮಾರು ಒಂದು ಮೀಟರ್ ಅಗಲದ ಬಿಳಿ ಹತ್ತಿ ಬಟ್ಟೆ ಎಂಟು ಮೀಟರ್ ತಂದು ಎಂಟು ಚೌಕ ಮಾಡಿ, ಪ್ರತಿ ಚೌಕವನ್ನೂ ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಹದಿನಾರು ಬ್ಯಾಂಡೇಜ್. ಇಬ್ಬರು ಮಕ್ಕಳಿಗೆ ಒಂದು.

ಇವುಗಳ ಜೊತೆಗೆ ಸೀಟಿ, ಸಂಸ್ಥೆಯ ಧ್ವಜ ಮತ್ತು ಅದರ ಹಗ್ಗ, ನಾಲ್ಕು ಪ್ಯಾಟ್ರೋಲ್ ಬಾವುಟ, ಆರಡಿ ಕೋಲು ಎಂಟು, ದಿಕ್ಸೂಚಿ ಎರಡು, ಸೀಮೆಸುಣ್ಣ, ಹಾಜರಿ ಪುಸ್ತಕ, ಹೊಲಿಯಲು ಸೂಜಿದಾರ. ಬ್ಯಾಡ್ಜ್‌ಗಳ ಸಣ್ಣ ದಾಸ್ತಾನೂ ಇರಲಿ. ಮಗು ಪರೀಕ್ಷೆ ಮುಗಿಸಿದ ಮೇಲೆ ತರಿಸಲು ಹೊರಟರೆ ಎರಡು ತಿಂಗಳು ಸುಮ್ಮನೆ ಹೋಗುತ್ತದೆ.

ನಿಯಮ ಪುಸ್ತಕವೂ ಟ್ರಂಕಿನಲ್ಲೇ ಇರಲಿ. ಎಲ್ಲರೂ ಅದನ್ನು ಎಪಿಆರ್‌ಓ ಎನ್ನುತ್ತಾರೆ. ಸ್ಕೌಟ್ ವಿಭಾಗಕ್ಕೆ ಎರಡನೇ ಭಾಗ, ಗೈಡ್ ವಿಭಾಗಕ್ಕೆ ಮೂರನೇ ಭಾಗ. ಪಠ್ಯಕ್ರಮ ಆಗಾಗ ಪರಿಷ್ಕರಣೆಯಾಗುತ್ತದೆ. ಹಳೆಯ ಜೆರಾಕ್ಸ್ ನೋಡಿ ಕಲಿಸಿದ ದಳದ ಮಕ್ಕಳು ಪರೀಕ್ಷಾ ಶಿಬಿರದಲ್ಲಿ ಪೆಚ್ಚಾಗುತ್ತಾರೆ.

ಹಂತ 1: ಪ್ಯಾಟ್ರೋಲ್ ಕಟ್ಟುವುದು

ಎಲ್ಲ ದಳಗಳಲ್ಲೂ ಕಾಣುವ ತಪ್ಪು ಒಂದಿದೆ: ಎಂಟನೇ ತರಗತಿಯವರದು ಒಂದು ಪ್ಯಾಟ್ರೋಲ್, ಒಂಬತ್ತರದು ಇನ್ನೊಂದು, ಹತ್ತರದು ಮತ್ತೊಂದು. ಹಾಜರಿ ಕರೆಯಲು ಇದು ಸುಲಭ. ಆದರೆ ಎಂಟನೇ ತರಗತಿಯ ಪ್ಯಾಟ್ರೋಲಿನಲ್ಲಿ ಕಲಿಸಬಲ್ಲವರು ಒಬ್ಬರೂ ಇರುವುದಿಲ್ಲ, ಮಾರ್ಚ್ ಮುಗಿದರೆ ಹತ್ತರ ಪ್ಯಾಟ್ರೋಲ್ ಹೆಸರಿಲ್ಲದಂತೆ ಮಾಯವಾಗುತ್ತದೆ. ಪ್ರತಿ ಪ್ಯಾಟ್ರೋಲಿನಲ್ಲೂ ಮೂರೂ ತರಗತಿಯ ಮಕ್ಕಳಿರಲಿ. ಲೀಡರ್ ಹತ್ತನೆಯವನಾದರೆ ಸೆಕೆಂಡ್ ಒಂಬತ್ತನೆಯವನಾಗಲಿ, ಹತ್ತನೆಯವನು ಹೊರಟಾಗ ಅವನೇ ಲೀಡರ್ ಆಗುತ್ತಾನೆ.

ಲೀಡರನ್ನು ನೀವೊಬ್ಬರೇ ಆರಿಸಬೇಡಿ. ಪ್ಯಾಟ್ರೋಲಿನ ಮಕ್ಕಳನ್ನು ಕೇಳಿ, ಆಮೇಲೆ ಕೋರ್ಟ್ ಆಫ್ ಆನರಿನಲ್ಲಿ ನಿರ್ಧರಿಸಿ. ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆಯುವವನೇ ಒಳ್ಳೆಯ ಲೀಡರ್ ಆಗಬೇಕೆಂದಿಲ್ಲ. ಸಣ್ಣವರಿಗೆ ಗದರದೆ ಹೇಳಿಕೊಡುವ ಮಗುವನ್ನು ಹುಡುಕಿ.

ಹಂತ 2: ವರ್ಷದ ಹಾಳೆ

ಜೂನ್ ಮೊದಲ ವಾರ ಒಂದು ದೊಡ್ಡ ಹಾಳೆಯಲ್ಲಿ ಸಭೆಯ ದಿನಗಳನ್ನೆಲ್ಲ ಬರೆಯಿರಿ. ಕಿರುಪರೀಕ್ಷೆ, ದಸರಾ ರಜೆ, ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಫೆಬ್ರುವರಿಯ ಪೂರ್ವಸಿದ್ಧತಾ ಪರೀಕ್ಷೆ ಇವನ್ನೆಲ್ಲ ಹೊಡೆದುಹಾಕಿ. ಉಳಿಯುವ ಸಭೆಗಳು ನೀವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ಅಷ್ಟರಲ್ಲೇ ಯೋಜನೆ ಮಾಡಿ.

ನವೆಂಬರ್ 7 ಸಂಸ್ಥೆಯ ಸ್ಥಾಪನಾ ದಿನ. 1950ರ ಆ ದಿನ ದೇಶದ ಸ್ಕೌಟ್ ಸಂಘಟನೆಗಳು ಒಂದಾದವು. ಫೆಬ್ರುವರಿ 22 ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಹುಟ್ಟಿದ ದಿನ. ದೀಕ್ಷೆಗೂ (ಪ್ರತಿಜ್ಞೆ ಮಾಡಿ ದಳಕ್ಕೆ ಸೇರುವ ವಿಧಿ) ಹೊರಾಂಗಣ ಕಾರ್ಯಕ್ರಮಕ್ಕೂ ಈ ಎರಡು ದಿನ ಚೆನ್ನಾಗಿ ಒದಗುತ್ತವೆ. ಮಲೆನಾಡು, ಕರಾವಳಿಯಲ್ಲಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗ್ಗದ ಗಂಟು, ಪ್ರಥಮ ಚಿಕಿತ್ಸೆ, ನಕ್ಷೆಯಂಥ ಒಳಾಂಗಣದ ಕೆಲಸ ಇಟ್ಟುಕೊಂಡು, ಕಾಲ್ನಡಿಗೆಯ ಹೈಕ್, ಅಡುಗೆ, ಡೇರೆಯನ್ನು ದಸರೆಯ ನಂತರಕ್ಕೆ ತಳ್ಳಿ. ಬಯಲುಸೀಮೆಯವರು ಡೇರೆ ಕಟ್ಟುವುದನ್ನು ಬಿಸಿಲು ಏರುವ ಮೊದಲೇ, ಜನವರಿಯೊಳಗೆ ಮುಗಿಸಿ.

ಈ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು ಬರೆಯಬೇಕು: ಯಾವ ಮಗು ಯಾವ ಹಂತದಲ್ಲಿದೆ, ಮುಂದಿನ ಹಂತಕ್ಕೆ ಯಾವ ದಿನ ಅರ್ಹವಾಗುತ್ತದೆ. ಪ್ರತಿ ಸೋಪಾನಕ್ಕೂ ಕನಿಷ್ಠ ಅವಧಿಯಿದೆ, ಅದು ಹಿಂದಿನ ಬ್ಯಾಡ್ಜಿನ ದಿನಾಂಕದಿಂದ ಎಣಿಕೆಯಾಗುತ್ತದೆ. ಜೂನ್‌ನಲ್ಲಿ ಸೇರಿದ ಮಗುವಿಗೆ ದೀಕ್ಷೆಯನ್ನೇ ಜನವರಿಗೆ ಕೊಟ್ಟರೆ ಆಮೇಲಿನ ಎಲ್ಲ ಮೆಟ್ಟಿಲೂ ಅಷ್ಟೇ ಹಿಂದೆ ಬೀಳುತ್ತವೆ. ಹತ್ತನೇ ತರಗತಿಯಲ್ಲಿ "ರಾಜ್ಯ ಪುರಸ್ಕಾರಕ್ಕೆ ಕಟ್ಟಿಸಿ ಸಾರ್" ಎಂದು ಪೋಷಕರು ಬಂದಾಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಹಂತ 3: ಲೀಡರ್‌ಗಳ ಜೊತೆ ಅರ್ಧ ಗಂಟೆ

ದಳದ ಸಭೆ ಶನಿವಾರವಾದರೆ ಗುರುವಾರ ಶಾಲೆ ಬಿಟ್ಟ ಮೇಲೆ ಲೀಡರ್ ಮತ್ತು ಸೆಕೆಂಡ್‌ಗಳನ್ನು ಕೂರಿಸಿಕೊಳ್ಳಿ. ಶನಿವಾರ ಕಲಿಸಬೇಕಾದದ್ದನ್ನು ಈ ಎಂಟು ಮಕ್ಕಳಿಗೆ ಕಲಿಸಿ. ಉಳಿದ 24 ಮಕ್ಕಳಿಗೆ ಅವರು ಕಲಿಸುತ್ತಾರೆ. ಈ ಅರ್ಧ ಗಂಟೆಯನ್ನು ಬಿಟ್ಟ ದಳದಲ್ಲಿ ಶನಿವಾರ ನಡೆಯುವುದು ತರಗತಿಯೇ ಹೊರತು ಸ್ಕೌಟ್ ಸಭೆಯಲ್ಲ. ಶಿಕ್ಷಕರು ಮುಂದೆ ನಿಂತು ಗಂಟು ಕಟ್ಟಿ ತೋರಿಸುತ್ತಾರೆ, ಮುಂದಿನ ಸಾಲಿನ ನಾಲ್ವರಿಗೆ ಕಾಣುತ್ತದೆ, ಉಳಿದವರು ಹಗ್ಗದಿಂದ ಒಬ್ಬರಿಗೊಬ್ಬರು ಹೊಡೆದಾಡುತ್ತಾರೆ.

ತಿಂಗಳಿಗೊಮ್ಮೆ ಇದೇ ಗುರುವಾರ ಕೋರ್ಟ್ ಆಫ್ ಆನರ್ ನಡೆಯಲಿ. ಒಬ್ಬ ಲೀಡರ್ ನಡಾವಳಿ ಬರೆಯಲಿ. ನೀವು ಸಲಹೆಗಾರರಾಗಿ ಕೂತಿರಿ, ಕೇಳಿದಾಗ ಮಾತಾಡಿ. ಅಲ್ಲಿ ಆಡಿದ್ದು ಅಲ್ಲೇ ಉಳಿಯಬೇಕು ಎಂಬ ಕಟ್ಟುಪಾಡನ್ನು ಮಕ್ಕಳು ನಾವಂದುಕೊಂಡದ್ದಕ್ಕಿಂತ ಗಂಭೀರವಾಗಿ ಪಾಲಿಸುತ್ತಾರೆ.

ಹಂತ 4: ತೊಂಬತ್ತು ನಿಮಿಷದ ಸಭೆ

ಸೀಟಿಯ ಸಂಕೇತಗಳನ್ನು ಮೊದಲ ವಾರವೇ ಕಲಿಸಿಬಿಡಿ, ವರ್ಷವಿಡೀ ಗಂಟಲು ಉಳಿಯುತ್ತದೆ. ಒಂದೇ ಉದ್ದನೆಯ ಸೀಟಿಗೆ ಎಲ್ಲರೂ ನಿಶ್ಶಬ್ದ, ಮುಂದಿನ ಸೂಚನೆಗೆ ಕಾಯಬೇಕು. ಗಿಡ್ಡ ಸೀಟಿಗಳ ಸರಣಿಗೆ ಎಲ್ಲರೂ ಓಡಿಬರಬೇಕು. ನಿಧಾನದ ಉದ್ದ ಸೀಟಿಗಳ ಸರಣಿಗೆ ಚದುರಬೇಕು. ಮೂರು ಗಿಡ್ಡ, ಒಂದು ಉದ್ದ ಕೇಳಿದರೆ ಲೀಡರ್‌ಗಳು ಮಾತ್ರ ಬರಬೇಕು. ಗಿಡ್ಡ–ಉದ್ದ ಒಂದಾದ ಮೇಲೊಂದು ಬಂದರೆ ಅಪಾಯದ ಕರೆ. ಆಟಕ್ಕೆ ಬೇರೆ ಸೀಟಿ ಬಳಸಿ, ಇಲ್ಲದಿದ್ದರೆ ಗೊಂದಲ.

ಸಭೆಯ ಸಮಯ ಹೀಗೆ ಹಂಚಿಕೊಳ್ಳಿ:

ಮೊದಲ 5 ನಿಮಿಷ: ಪ್ಯಾಟ್ರೋಲ್ ಮೂಲೆಗಳಲ್ಲಿ (ಪ್ರತಿ ಪ್ಯಾಟ್ರೋಲ್ ಸೇರುವ ಅದರದೇ ಜಾಗ) ಲೀಡರ್‌ಗಳೇ ಹಾಜರಿ, ಚಂದಾ ತೆಗೆದುಕೊಳ್ಳುತ್ತಾರೆ.

10 ನಿಮಿಷ: ಕುದುರೆ ಲಾಳದ ಆಕಾರದಲ್ಲಿ ಸಾಲು, ಪ್ರಾರ್ಥನೆ, ಧ್ವಜಾರೋಹಣ, ಧ್ವಜಗೀತೆ, ತಪಾಸಣೆ. ಪ್ರಾರ್ಥನೆಗೆ 90 ಸೆಕೆಂಡ್, ಧ್ವಜಗೀತೆಗೆ 45 ಸೆಕೆಂಡ್ ಎಂಬ ಲೆಕ್ಕವಿದೆ, ಎಳೆದು ಹಾಡಿಸಬೇಡಿ.

10 ನಿಮಿಷ: ಓಡಾಟದ ಆಟ.

25 ನಿಮಿಷ: ಪ್ಯಾಟ್ರೋಲ್ ಮೂಲೆಯಲ್ಲಿ ಲೀಡರ್‌ಗಳಿಂದ ಕಲಿಕೆ.

10 ನಿಮಿಷ: ಕಲಿತದ್ದನ್ನೇ ಬಳಸುವ ಆಟ. ಉದಾಹರಣೆಗೆ, ಪ್ಯಾಟ್ರೋಲಿನ ಎಲ್ಲರ ಹಗ್ಗವನ್ನೂ ಒಂದಕ್ಕೊಂದು ಸೇರಿಸಿ ಕಟ್ಟಿ, ಆ ಉದ್ದ ಹಗ್ಗದಿಂದ ದೂರದ ಬಕೆಟ್ ಎಳೆಯುವ ಸ್ಪರ್ಧೆ. ತಪ್ಪು ಗಂಟು ಅಲ್ಲೇ ಬಿಚ್ಚಿಕೊಳ್ಳುತ್ತದೆ, ನೀವು ಹೇಳಬೇಕಿಲ್ಲ.

15 ನಿಮಿಷ: ಪರೀಕ್ಷೆ. ಸಿದ್ಧರಾದವರು ನಿಮ್ಮ ಬಳಿ, ಉಳಿದವರಿಗೆ ಅಭ್ಯಾಸ.

5 ನಿಮಿಷ: ಬ್ಯಾಡ್ಜ್ ಕೊಡುವುದು, ಪ್ರಕಟಣೆ.

ಕೊನೆಯ 10 ನಿಮಿಷ: ಒಂದು ಸಣ್ಣ ಮಾತು ಅಥವಾ ಕತೆ, ಧ್ವಜ ಇಳಿಸುವುದು, 52 ಸೆಕೆಂಡಿನ ರಾಷ್ಟ್ರಗೀತೆ, ವಿಸರ್ಜನೆ.

ಧ್ವಜ ಬಿಚ್ಚಿಕೊಳ್ಳದೆ ಮೇಲೇ ಗಂಟಾಗಿ ನಿಲ್ಲುವುದು ಅತಿ ಸಾಮಾನ್ಯ ಅವಘಡ. ಮಡಿಚಿದ ಧ್ವಜದ ಸುತ್ತ ಹಗ್ಗವನ್ನು ಪೂರ್ತಿ ಗಂಟು ಹಾಕುವುದರಿಂದಲೇ ಹೀಗಾಗುತ್ತದೆ. ಹಗ್ಗದ ಒಂದು ಕುಣಿಕೆಯನ್ನು ಮಾತ್ರ ಸುತ್ತಿನ ಒಳಗೆ ಸಿಕ್ಕಿಸಿ, ತುದಿಯನ್ನು ಹೊರಗೆ ಬಿಡಿ. ಎಳೆದರೆ ಕುಣಿಕೆ ಜಾರಿ ಧ್ವಜ ಅರಳಬೇಕು. ಸಭೆಗೆ ಮೊದಲು ಒಮ್ಮೆ ಕೆಳಗೇ ಎಳೆದು ನೋಡಿ.

ಬೆಳಗಿನ ಶಾಲೆ ಮುಗಿಸಿ ಬಂದ ಮಕ್ಕಳು ಹಸಿದಿರುತ್ತಾರೆ. ಸಭೆ ಊಟದ ಹೊತ್ತು ದಾಟುವುದಾದರೆ ಬಿಸಿಯೂಟದ ನಂತರ ಶುರುಮಾಡಿ, ಮೊದಲ ಆಟವನ್ನು ಕೂತು ಆಡುವಂಥದ್ದಾಗಿಸಿ. ಅದಕ್ಕೆ ಕಿಮ್ಸ್ ಗೇಮ್ ಒಳ್ಳೆಯದು: ಬಟ್ಟೆಯಡಿ 24 ವಸ್ತು ಇಟ್ಟು, ಒಂದು ನಿಮಿಷ ತೋರಿಸಿ, ಮುಚ್ಚಿ ಬರೆಸುವುದು. ಹದಿನಾರು ನೆನಪಿದ್ದರೆ ತೇರ್ಗಡೆ. ಮಳೆಯ ದಿನಕ್ಕೂ ಇದು ಕೈಯಲ್ಲಿರಲಿ.

ಮುಖ್ಯೋಪಾಧ್ಯಾಯರು ಒಂದೇ ಪೀರಿಯಡ್ ಕೊಟ್ಟರೆ ಆರಂಭವನ್ನು ಐದು ನಿಮಿಷಕ್ಕೆ ಇಳಿಸಿ, ಒಂದು ಆಟ ಬಿಡಿ, ಮಾತನ್ನೂ ಬಿಡಿ. ಪ್ಯಾಟ್ರೋಲ್ ಮೂಲೆಯನ್ನು ಮಾತ್ರ ಬಿಡಬೇಡಿ.

ಹಂತ 5: ಪರೀಕ್ಷೆ ಮಾಡುವುದು

ಬಾಯಿಪಾಠ ಒಪ್ಪಿಸಿದರೆ ಪರೀಕ್ಷೆಯಾಗಲಿಲ್ಲ. ಮಗು ಮಾಡಿ ತೋರಿಸಬೇಕು, ಬಳಕೆಯ ಸಂದರ್ಭದಲ್ಲೇ ತೋರಿಸಬೇಕು. ರೀಫ್ ಗಂಟನ್ನು ತೆಗೆದುಕೊಳ್ಳಿ. ಎಡದ ತುದಿ ಬಲದ ಮೇಲೆ, ಆಮೇಲೆ ಬಲದ ತುದಿ ಎಡದ ಮೇಲೆ. ಸರಿಯಾಗಿದ್ದರೆ ಎರಡೂ ತುದಿಗಳು ಹಗ್ಗದ ಉದ್ದಕ್ಕೇ ಮಲಗುತ್ತವೆ. ಎರಡು ಸಲವೂ ಒಂದೇ ಕಡೆಯಿಂದ ಹಾಕಿದ್ದರೆ ತುದಿಗಳು ಅಡ್ಡಕ್ಕೆ ಚಾಚಿ ನಿಲ್ಲುತ್ತವೆ. ಅದು ಜಾರುವ ಗಂಟು. ಮೇಜಿನ ಮೇಲೆ ಕಟ್ಟಿಸಿ ಸುಮ್ಮನಾಗಬೇಡಿ. ಗೆಳೆಯನ ಕೈಗೆ ತ್ರಿಕೋನ ಬ್ಯಾಂಡೇಜಿನ ಜೋಲಿ ಹಾಕಿಸಿ, ಅದರಲ್ಲಿ ಈ ಗಂಟನ್ನು ನೋಡಿ. ಅಂಗೈ ಮೊಣಕೈಗಿಂತ ತುಸು ಮೇಲಿದೆಯೇ? ಬೆರಳ ತುದಿಗಳು ಹೊರಗೆ ಕಾಣುತ್ತಿವೆಯೇ? ರಕ್ತ ಓಡಾಡುತ್ತಿದೆಯೇ ಎಂದು ತಿಳಿಯುವುದು ಅವುಗಳ ಬಣ್ಣದಿಂದಲೇ. ಗಂಟು ಕುತ್ತಿಗೆಯ ಹಿಂದಿನ ಮೂಳೆಯ ಮೇಲೆ ಕೂರದೆ ಕೊರಳೆಲುಬಿನ ಮೇಲಿನ ಕುಳಿಯಲ್ಲಿದೆಯೇ? ಒಂದೇ ಪರೀಕ್ಷೆಯಲ್ಲಿ ಗಂಟು, ಪ್ರಥಮ ಚಿಕಿತ್ಸೆ ಎರಡೂ ತಿಳಿದುಹೋಗುತ್ತವೆ.

ಕ್ಲೋವ್ ಹಿಚ್ ಗಂಟನ್ನು ನಿಂತ ಕಂಬಕ್ಕೆ ಹಾಕಿಸಿ, ಬೋಲೈನ್ ಗಂಟನ್ನು ಮಗುವಿನ ಸೊಂಟದ ಸುತ್ತಲೇ ಕಟ್ಟಿಸಿ ಎಳೆದು ನೋಡಿ. ಕುಣಿಕೆ ಬಿಗಿಯುತ್ತಾ ಹೋದರೆ ಅದು ಬೋಲೈನ್ ಅಲ್ಲ. ಕೊರಳಿಗೆ ಹಗ್ಗ ಹಾಕುವ ಆಟವನ್ನು ಎಂದಿಗೂ ಆಡಗೊಡಬೇಡಿ, ತಮಾಷೆಗೂ.

ಕಲಿಸಿದ ದಿನವೇ ಪರೀಕ್ಷಿಸಬಾರದು. ಎರಡು ವಾರ ಬಿಟ್ಟು ಕೇಳಿ, ಅಷ್ಟರ ಮೇಲೂ ಕೈಗೆ ಬಂದರೆ ಅದು ಕಲಿಕೆ. ಬಾರದಿದ್ದರೆ "ಫೇಲ್" ಎಂಬ ಮಾತು ಬೇಡ; ಯಾವ ಭಾಗ ತಪ್ಪಿದೆಯೋ ಅದನ್ನಷ್ಟೇ ಲೀಡರಿಗೆ ಹೇಳಿ, ಮುಂದಿನ ವಾರ ಕರೆಯಿರಿ.

ಪರೀಕ್ಷೆ ಎಲ್ಲರ ಕಣ್ಣೆದುರಿಗೆ, ಬಯಲಲ್ಲೇ ನಡೆಯಲಿ. ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂರಬೇಡಿ. ಹೊರಗೆ ಹೋಗುವ ದಿನ ಇಬ್ಬರು ವಯಸ್ಕರು ಇರಲೇಬೇಕು, ಹುಡುಗಿಯರಿದ್ದರೆ ಮಹಿಳಾ ಶಿಕ್ಷಕಿ ಇರಲೇಬೇಕು, ಪೋಷಕರ ಒಪ್ಪಿಗೆ ಬರಹದಲ್ಲಿರಬೇಕು. ಇದರಲ್ಲಿ ಯಾವ ವಿನಾಯಿತಿಯೂ ಇಲ್ಲ.

ದಕ್ಷತಾ ಬ್ಯಾಡ್ಜಿಗೆ ಆ ಕೆಲಸ ಬಲ್ಲವರನ್ನು ಕರೆಯಿರಿ, ಸ್ಕೌಟ್ಸ್–ಗೈಡ್ಸ್ ಸ್ಥಳೀಯ ಸಂಸ್ಥೆಯ ಒಪ್ಪಿಗೆಯೊಂದಿಗೆ. ಪ್ರಥಮ ಚಿಕಿತ್ಸೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್, ಮರಗೆಲಸಕ್ಕೆ ಊರಿನ ಬಡಗಿ, ಅಡುಗೆಗೆ ಶಾಲೆಯ ಬಿಸಿಯೂಟದ ಅಕ್ಕಂದಿರು. ಅವರು ತಲೆಯಾಡಿಸಿದರೆ ಮಕ್ಕಳಿಗೆ ಸಿಗುವ ಹೆಮ್ಮೆಯೇ ಬೇರೆ.

ಹಂತ 6: ಪ್ರಗತಿ ಪಟ್ಟಿ

ದಪ್ಪ ಹಾಳೆಯ ಎಡಕ್ಕೆ ಮಕ್ಕಳ ಹೆಸರು, ಮೇಲೆ ಪಠ್ಯಕ್ರಮದ ಒಂದೊಂದು ಅಂಶ. ಮಗು ಕಲಿತಿದೆ ಎಂದು ಲೀಡರಿಗೆ ಅನಿಸಿದಾಗ ಪಟ್ಟಿಯ ಆ ಮನೆಯಲ್ಲಿ (ಚೌಕದಲ್ಲಿ) ಓರೆಯಾಗಿ ಒಂದು ಗೀರು ಎಳೆಯುತ್ತಾನೆ. ನೀವು ಪರೀಕ್ಷಿಸಿದ ಮೇಲೆ ಅದಕ್ಕೆ ಅಡ್ಡಲಾಗಿ ಇನ್ನೊಂದು ಗೀರೆಳೆದು ದಿನಾಂಕ ಬರೆಯುತ್ತೀರಿ. ಒಂದು ಗೀರಿನ ಮನೆಗಳನ್ನು ನೋಡಿದರೆ ಶನಿವಾರದ ಆ 15 ನಿಮಿಷಕ್ಕೆ ಯಾರನ್ನು ಕರೆಯಬೇಕೆಂದು ಗೊತ್ತಾಗುತ್ತದೆ. ಖಾಲಿ ಮನೆಗಳು ಗುರುವಾರದ ಪಾಠವನ್ನು ಹೇಳಿಕೊಡುತ್ತವೆ. ಕೊನೆಯಲ್ಲಿ "ಒಟ್ಟು" ಎಂಬ ಕಾಲಂ ಹಾಕಬೇಡಿ. ಅದು ಬಂದ ದಿನ ಪಟ್ಟಿ ರ‍್ಯಾಂಕ್ ಲಿಸ್ಟ್ ಆಗಿಬಿಡುತ್ತದೆ.

ದಾಖಲೆಯಲ್ಲಿ ಎಡವುವುದು ಹೆಸರು ಮತ್ತು ದಿನಾಂಕಗಳಲ್ಲಿ. ಮಗುವಿನ ಹೆಸರು, ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಹುಟ್ಟಿದ ದಿನ ಇವೆಲ್ಲ ಶಾಲೆಯ ದಾಖಲಾತಿ ಪುಸ್ತಕ ಮತ್ತು ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ಇರುವಂತೆಯೇ ಸ್ಕೌಟ್ ನೋಂದಣಿಯಲ್ಲೂ ಇರಬೇಕು. ಬ್ಯಾಡ್ಜಿನ ದಿನಾಂಕ ಮಗು ತನ್ನ ಸ್ಕೌಟ್ ಕೆಲಸ ಬರೆದಿಡುವ ಲಾಗ್ ಪುಸ್ತಕ, ದಳದ ರಿಜಿಸ್ಟರ್, ಪ್ರಮಾಣಪತ್ರ ಮೂರರಲ್ಲೂ ಒಂದೇ ಆಗಿರಬೇಕು. ತೃತೀಯ ಸೋಪಾನಕ್ಕೆ ಜಿಲ್ಲಾ ಮಟ್ಟದ ಪರೀಕ್ಷಾ ಶಿಬಿರ, ರಾಜ್ಯ ಪುರಸ್ಕಾರಕ್ಕೆ ರಾಜ್ಯ ಮಟ್ಟದ ಪರೀಕ್ಷೆ; ಅಲ್ಲಿ ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ದಳದ ವಾರ್ಷಿಕ ನೋಂದಣಿ ನವೀಕರಣ ಒಂದು ವರ್ಷ ತಪ್ಪಿದರೂ ಮಕ್ಕಳ ಅರ್ಹತೆಗೆ ಪೆಟ್ಟು.

ಹಂತ 7: ಗೌರವಿಸುವುದು

ದೀಕ್ಷೆಯನ್ನು ಒಂದೇ ದಿನ ಮೂವತ್ತು ಮಕ್ಕಳಿಗೆ ಮಾಡಿಸಬೇಡಿ. ಒಂದು ಸಲಕ್ಕೆ ಆರೆಂಟು ಮಕ್ಕಳು ಸಾಕು. ಮೊದಲೇ ಪ್ರತಿ ಮಗುವನ್ನೂ ಕರೆದು ಪ್ರತಿಜ್ಞೆ ಮತ್ತು ಒಂಬತ್ತು ನಿಯಮಗಳ ಅರ್ಥವನ್ನು ಅದರ ಮಾತಲ್ಲೇ ಕೇಳಿ. ಪ್ರತಿಜ್ಞೆಯಲ್ಲಿ "ದೇವರು" ಎಂಬಲ್ಲಿ "ಧರ್ಮ" ಎನ್ನಲು ಅವಕಾಶವಿದೆ. ಮಗುವಿಗೂ ಮನೆಯವರಿಗೂ ಅದನ್ನು ತಿಳಿಸಿ. ವಿಧಿಯ ದಿನ ಲೀಡರ್ ಮಗುವನ್ನು ಕುದುರೆ ಲಾಳದ ನಡುವೆ ಕರೆತರುತ್ತಾನೆ, ಮಗು ಮೂರು ಬೆರಳ ಸಂಕೇತ ಹಿಡಿದು ಒಂಟಿಯಾಗಿ ಪ್ರತಿಜ್ಞೆ ಹೇಳುತ್ತದೆ. ನೀವು ಬ್ಯಾಡ್ಜ್ ಹಾಕಿ ಎಡಗೈ ಕುಲುಕುತ್ತೀರಿ, ಮಗು ದಳಕ್ಕೆ ವಂದಿಸಿ ಪ್ಯಾಟ್ರೋಲಿಗೆ ಮರಳುತ್ತದೆ. ನಡುವೆ ಮರೆತರೆ ಮೆಲ್ಲಗೆ ಎತ್ತಿಕೊಡಿ, ಮತ್ತೆ ಮೊದಲಿಂದ ಹೇಳಿಸಬೇಡಿ.

ಉಳಿದ ಬ್ಯಾಡ್ಜ್‌ಗಳಿಗೆ ಮೂರು ನಿಮಿಷ ಸಾಕು. ಆದರೆ ಒಂದು ವಾಕ್ಯ ಹೇಳಲೇಬೇಕು: ಈ ಮಗು ಏನು ಮಾಡಿತು ಎಂದು. "ಒಳ್ಳೆಯ ಹುಡುಗ" ಎಂದರೆ ಯಾರಿಗೂ ಏನೂ ತಿಳಿಯಲಿಲ್ಲ. "ಮಳೆಯಲ್ಲಿ ಒದ್ದೆ ಸೌದೆಯಿಂದ ಎರಡೇ ಕಡ್ಡಿಯಲ್ಲಿ ಒಲೆ ಹೊತ್ತಿಸಿದ" ಎಂದರೆ ಉಳಿದವರ ಕಿವಿ ನಿಮಿರುತ್ತದೆ. ಸೋಪಾನದ ಬ್ಯಾಡ್ಜ್ ಎಡತೋಳಿಗೆ, ದಕ್ಷತಾ ಬ್ಯಾಡ್ಜ್ ಬಲತೋಳಿಗೆ. ಅಂದು ಪಿನ್ ಹಾಕಿ, ಮುಂದಿನ ಸಭೆಗೆ ಮಗುವೇ ಹೊಲಿದುಕೊಂಡು ಬರಲಿ.

ಪರೀಕ್ಷೆ ಮುಗಿದ ಮುಂದಿನ ಎರಡು ಸಭೆಯೊಳಗೆ ಬ್ಯಾಡ್ಜ್ ಕೊಟ್ಟುಬಿಡಿ. ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ಬರಲಿ ಎಂದು ಕಾಯಿಸುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಆಗಸ್ಟ್‌ನಲ್ಲಿ ಮಾಡಿದ್ದಕ್ಕೆ ಫೆಬ್ರುವರಿಯಲ್ಲಿ ಚಪ್ಪಾಳೆ ಬಿದ್ದರೆ ಯಾವುದಕ್ಕೆ ಎಂದು ಮಗುವಿಗೇ ಮರೆತಿರುತ್ತದೆ. ವಾರ್ಷಿಕೋತ್ಸವದಲ್ಲಿ ಹೆಸರು ಓದಿ, ಪೋಷಕರ ಮುಂದೆ ಪ್ರಮಾಣಪತ್ರ ಕೊಡಿ. ಬ್ಯಾಡ್ಜ್ ಮಾತ್ರ ತನ್ನ ದಳದ ಮುಂದೆಯೇ ಸಿಗಲಿ.

ಪ್ಯಾಟ್ರೋಲ್‌ಗಳ ನಡುವೆ ಅಂಕದ ಸ್ಪರ್ಧೆ ಇಟ್ಟರೆ ಒಂದು ಎಚ್ಚರಿಕೆ ಬೇಕು. ಸಮವಸ್ತ್ರ ಹೊಸದಿದೆಯೇ, ಶೂ ಇದೆಯೇ ಎಂಬುದಕ್ಕೆ ಅಂಕ ಬೇಡ. ಒಗೆದಿದೆಯೇ, ಉಗುರು ಕತ್ತರಿಸಿದೆಯೇ ಎಂಬುದಕ್ಕೆ ಕೊಡಿ. ಕೊಳ್ಳಲಾಗದ ಮನೆಯ ಮಗುವಿನಿಂದ ಪ್ಯಾಟ್ರೋಲಿಗೆ ಅಂಕ ಹೋದರೆ ಆ ಮಗು ಮುಂದಿನ ವಾರದಿಂದ ಬರುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಹೊಲದ ಕೆಲಸಕ್ಕೆ ಉಳಿದವರ ಗೈರುಹಾಜರಿಗೂ ಅಂಕ ಕಡಿಯಬೇಡಿ. ಪ್ರತಿ ತಿಂಗಳೂ ಲೆಕ್ಕವನ್ನು ಸೊನ್ನೆಯಿಂದ ಶುರುಮಾಡಿ, ಇಲ್ಲದಿದ್ದರೆ ಹಿಂದೆ ಬಿದ್ದ ಪ್ಯಾಟ್ರೋಲ್ ಅಕ್ಟೋಬರ್‌ಗೇ ಕೈಚೆಲ್ಲುತ್ತದೆ.

ಹಂತ 8: ಮಾರ್ಚ್‌ನ ಕೆಲಸ

ಹತ್ತನೆಯವರು ಹೊರಡುವ ಮೊದಲು, ಫೆಬ್ರುವರಿ ಕೊನೆಯಲ್ಲಿ, ಹೊಸ ಲೀಡರ್‌ಗಳಿಗೆ ಬಾವುಟ ಹಸ್ತಾಂತರಿಸಿ. ಹೊರಡುವವರ ಲಾಗ್ ಪುಸ್ತಕಕ್ಕೆ ಸಹಿ ಹಾಕಿ ಅವರ ಕೈಗೇ ಕೊಡಿ. ಪಿಯು ಕಾಲೇಜಿನಲ್ಲಿ ಯುವಕರ ರೋವರ್ ಅಥವಾ ಯುವತಿಯರ ರೇಂಜರ್ ಘಟಕ ಸೇರುವಾಗ ಅದು ಬೇಕಾಗುತ್ತದೆ. ಟ್ರಂಕಿನ ಹಗ್ಗ, ಬ್ಯಾಂಡೇಜುಗಳನ್ನು ಒಗೆದು ಬಿಸಿಲಿಗೆ ಒಣಗಿಸಿ ಎಣಿಸಿಡಿ.

ಸರ್ಕಾರಿ ಶಾಲೆಯವರಿಗೆ ವರ್ಗಾವಣೆ ಯಾವಾಗ ಬರುತ್ತದೋ ಹೇಳಲಾಗದು. ಶಿಕ್ಷಕರ ಜೊತೆ ದಾಖಲೆಯೂ ಊರುಬಿಟ್ಟು ಹೋಗಿ, ಮೂರು ಸೋಪಾನ ಮುಗಿಸಿದ ಮಕ್ಕಳು ಮತ್ತೆ ಪ್ರವೇಶದಿಂದ ಶುರುಮಾಡಬೇಕಾದ ದಳಗಳಿವೆ. ಹಾಗಾಗದಂತೆ ದಳದ ನೋಂದಣಿ ಪತ್ರ, ಹಾಜರಿ ಪುಸ್ತಕ, ಪ್ರಗತಿ ಪಟ್ಟಿಯ ನಕಲು, ಪ್ರತಿ ಮಗುವಿನ ಬ್ಯಾಡ್ಜ್ ದಿನಾಂಕಗಳ ಒಂದು ಪುಟ, ಪ್ರಮಾಣಪತ್ರಗಳ ಜೆರಾಕ್ಸ್, ಕೋರ್ಟ್ ಆಫ್ ಆನರ್ ನಡಾವಳಿ, ಚಂದಾ ಲೆಕ್ಕ, ಟ್ರಂಕಿನ ಸಾಮಾನು ಪಟ್ಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟು, ಮುಖ್ಯೋಪಾಧ್ಯಾಯರ ಸಹಿ ಪಡೆದು ಶಾಲೆಯ ಬೀರುವಿನಲ್ಲಿ ಇಡಿ. ಬೀಗದ ಕೈ ಎಲ್ಲಿದೆ ಎಂದು ಇನ್ನೊಬ್ಬ ಶಿಕ್ಷಕರಿಗೂ ಗೊತ್ತಿರಲಿ.